ನಿಂತುಹೋದ ಹಳೆಯ ಸ್ಪೋರ್ಟ್ಸ್ ಕಾರನ್ನು ಮತ್ತೆ ಓಡಿಸುವುದು: ಸೆಲ್ಫ್ ಹೊಡೆಯುವುದು ಕೊನೆಯ ಕೆಲಸ

ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಒಂದೇ ಕಥೆ. ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರು. ಹೊಸ ಬ್ಯಾಟರಿ ತಂದರು, ಐದು ಲೀಟರ್ ಪೆಟ್ರೋಲ್ ಹಾಕಿದರು, ಸೆಲ್ಫ್ ಹೊಡೆದರು. ‘ಟಕ್’ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಕೆಲವರದು ಇನ್ನೂ ಕೆಟ್ಟದ್ದು: ಗಾಡಿ ಸ್ಟಾರ್ಟ್ ಆಯಿತು, ಖುಷಿಯಲ್ಲಿ ವಿಡಿಯೋ ಮಾಡಿಕೊಂಡರು, ಎರಡೇ ನಿಮಿಷಕ್ಕೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಶುರುವಾಯಿತು, ಈಗ ಎಂಜಿನ್ ಇಳಿಸಬೇಕು.

ಇವರು ಮಾಡಿದ ಕೆಲಸಗಳೆಲ್ಲ ಮಾಡಬೇಕಾದವೇ. ಕ್ರಮ ಉಲ್ಟಾ ಆಯಿತು, ಅಷ್ಟೇ. ನಿಂತ ಗಾಡಿಯ ಸಿಲಿಂಡರಿನಲ್ಲಿ ತುಕ್ಕು ಇರಬಹುದು, ಬೇರಿಂಗುಗಳಲ್ಲಿ ಆಯಿಲ್ ಇರುವುದಿಲ್ಲ, ಟ್ಯಾಂಕಿನಲ್ಲಿ ಅಂಟು ಇರುತ್ತದೆ. ಸೆಲ್ಫ್ ಮೋಟಾರಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಸುಮ್ನೆ ತಿರುಗಿಸುತ್ತದೆ, ಏನು ಮುರಿದರೂ ಅದಕ್ಕೇನು. ಹಾಗಾಗಿ ಈ ಬರಹದಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದು ಎಂಟನೆಯ ಹಂತಕ್ಕೆ ಬರುತ್ತದೆ. ಮಧ್ಯದ ಹಂತ ಹಾರಿಸಬೇಡಿ.

ಹೇಳಿರುವುದೆಲ್ಲ ಮುಖ್ಯವಾಗಿ 1960 ಮತ್ತು 1970ರ ದಶಕದ, ಕಾರ್ಬುರೇಟರ್ ಮತ್ತು ಪಾಯಿಂಟ್ (ಕಿಡಿ ಬರಿಸಲು ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು) ಇರುವ ಗಾಡಿಗಳಿಗೆ. ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್, ಡಾಟ್ಸನ್ 240ಝೆಡ್, ಫಿಯೆಟ್ 124 ಸ್ಪೈಡರ್ ತರದವು. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಆರನೆಯ ಹಂತ ಬೇರೆಯಾಗುತ್ತದೆ, ಅದನ್ನು ಅಲ್ಲೇ ಹೇಳಿದ್ದೇನೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಎಲ್ಲಕ್ಕಿಂತ ಮೊದಲು. ಆಮೇಲೆ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್. ಇಲ್ಲೇ ಒಂದು ಎಡವಟ್ಟು ಆಗುತ್ತದೆ: ಈ ಕಾಲದ ಬ್ರಿಟಿಷ್ ಗಾಡಿಗಳ ನಟ್ಟು ಬೋಲ್ಟು ಬಹುಪಾಲು ಇಂಚಿನ ಅಳತೆಯವು, ಇಟಲಿ ಮತ್ತು ಜಪಾನಿನವು ಮಿಲಿಮೀಟರಿನವು. ‘ಹತ್ತಿರ ಹತ್ತಿರ ಕೂರುತ್ತೆ’ ಅಂತ ಮಿಲಿಮೀಟರ್ ಸ್ಪ್ಯಾನರನ್ನು ಇಂಚಿನ ನಟ್ಟಿಗೆ ಹಾಕಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ. ತುಕ್ಕು ಹಿಡಿದ ನಟ್ಟಿನಲ್ಲಿ ಇದು ಒಂದೇ ಎಳೆತಕ್ಕೆ ಆಗುವ ಕೆಲಸ.

ಉಳಿದಂತೆ ಮಲ್ಟಿಮೀಟರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಕಂಪ್ರೆಷನ್ ಗೇಜ್, ತುಕ್ಕು ಬಿಡಿಸುವ ಆಯಿಲ್, ಕಾರ್ಬುರೇಟರ್ ಕ್ಲೀನರ್, ಉದ್ದ ಹಿಡಿಯ ರ‍್ಯಾಚೆಟ್, ಗಟ್ಟಿಯಾದ ಜ್ಯಾಕ್ ಸ್ಟ್ಯಾಂಡ್ ನಾಲ್ಕು, ಚಕ್ರಕ್ಕೆ ಇಡಲು ಮರದ ತುಂಡು. ಪೆಟ್ರೋಲ್ ಬೆಂಕಿಗೆ ಆಗುವ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಒಂದು. ಇದು ಗಾಡಿಯೊಳಗಲ್ಲ, ನಿಮ್ಮ ಕೈಗೆಟಕುವ ಕಡೆ ಇರಬೇಕು. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ತಂತಿ ಇದ್ದರೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಿಲಿಂಡರ್ ಒಳಗೆ ಇಣುಕಬಹುದು. ಕಡ್ಡಾಯವಲ್ಲ, ಆದರೆ ಒಮ್ಮೆ ಬಳಸಿದರೆ ಬಿಡಲು ಮನಸ್ಸಾಗುವುದಿಲ್ಲ.

1. ಗಾಡಿ ಯಾಕೆ ನಿಂತಿತು ಅಂತ ಕೇಳಿ

ಸ್ಪ್ಯಾನರ್ ಎತ್ತಿಕೊಳ್ಳುವ ಮುಂಚೆ ಈ ಪ್ರಶ್ನೆಗೆ ಉತ್ತರ ಹುಡುಕಿ. ಚೆನ್ನಾಗಿ ಓಡುತ್ತಿದ್ದ ಸ್ಪೋರ್ಟ್ಸ್ ಕಾರನ್ನು ಯಾರೂ ಸುಮ್ನೆ ಹದಿನೈದು ವರ್ಷ ಮೂಲೆಗೆ ತಳ್ಳುವುದಿಲ್ಲ. ಏನೋ ಕೆಟ್ಟಿರುತ್ತದೆ, ಮುಂದಿನ ತಿಂಗಳು ಮಾಡಿಸೋಣ ಅಂದುಕೊಂಡಿರುತ್ತಾರೆ, ಆ ಮುಂದಿನ ತಿಂಗಳು ಬರುವುದೇ ಇಲ್ಲ. ನಾನೊಮ್ಮೆ ಎರಡು ವಾರ ಒಂದು ಗಾಡಿಯ ಇಗ್ನಿಷನ್ನು, ಕಾರ್ಬುರೇಟರು ಎಲ್ಲ ಹೊಸದರಂತೆ ಮಾಡಿದೆ. ಸ್ಟಾರ್ಟ್ ಆಯಿತು, ಹಿಂದಿನಿಂದ ಬಿಳಿ ಹೊಗೆ ಮೋಡದಂತೆ ಬಂತು. ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಅದಕ್ಕೇ ಅವರು ಗಾಡಿ ನಿಲ್ಲಿಸಿದ್ದು, ಅದಕ್ಕೇ ರೇಡಿಯೇಟರ್ ಖಾಲಿ ಇದ್ದದ್ದು. ಹಳೆಯ ಮಾಲೀಕರಿಗೆ ಒಂದು ಫೋನ್ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆಮೇಲೆ ಸುತ್ತ ನೋಡಿ. ಏರ್ ಫಿಲ್ಟರ್ ಡಬ್ಬ ಬಿಚ್ಚಿ, ಇಲಿ ಗೂಡು ಕಟ್ಟುವ ಮೊದಲ ಜಾಗ ಅದು. ಸೈಲೆನ್ಸರ್ ಬಾಯಿಗೆ ಟಾರ್ಚ್ ಹಾಕಿ. ವೈರುಗಳ ಮೇಲಿನ ಪ್ಲಾಸ್ಟಿಕ್ ಕಡಿದಿದೆಯಾ ನೋಡಿ. ಬಾನೆಟ್ ಒಳಗಿನ ಪ್ರತಿಯೊಂದು ವೈರು, ಹೋಸು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಬೇಡ ಅನ್ನಿಸಿದರೂ ತೆಗೆಯಿರಿ.

ಹಳೆಯ ಬ್ಯಾಟರಿ ಇದ್ದರೆ ಬಿಚ್ಚಿ ಹೊರಗಿಡಿ, ಮೊದಲು ಅರ್ಥ್ ತಂತಿ, ಆಮೇಲೆ ಇನ್ನೊಂದು. ಈ ಹಂತದಲ್ಲೇ ಅರ್ಥ್ ಯಾವುದು ಅಂತ ಬರೆದಿಟ್ಟುಕೊಳ್ಳಿ, ಯಾಕೆಂದರೆ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಕೂಡಿಸಿರುವುದು ಪಾಸಿಟಿವ್ ಕಡೆ. ಎಂಜಿಬಿಯಲ್ಲಿ 1967ರವರೆಗೂ ಹೀಗೇ ಇತ್ತು. ಅಭ್ಯಾಸಬಲದಿಂದ ಉಲ್ಟಾ ಕೊಟ್ಟರೆ ಆಲ್ಟರ್ನೇಟರ್, ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದಲ್ಲಿ ಹೋದಂತೆಯೇ ಲೆಕ್ಕ.

ಎಚ್ಚರಿಕೆ: ಜ್ಯಾಕ್ ಇಡುವ ಜಾಗವನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ‘ಟಣ್’ ಅಂದರೆ ಸರಿ. ‘ಡಬ್’ ಅಂತ ಸತ್ತ ಸದ್ದು ಬಂದರೆ, ಅಥವಾ ತುದಿ ಒಳಗೇ ಹೋದರೆ, ಅಲ್ಲಿ ಬಣ್ಣದ ಹಿಂದೆ ತುಕ್ಕು ಬಿಟ್ಟು ಇನ್ನೇನಿಲ್ಲ. ಅಲ್ಲಿ ಜ್ಯಾಕ್ ಕೊಟ್ಟರೆ ಜ್ಯಾಕ್ ಮೇಲೇರುತ್ತದೆ, ಗಾಡಿ ಅಲ್ಲೇ ಇರುತ್ತದೆ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗುವುದಂತೂ ಬೇಡವೇ ಬೇಡ.

2. ಹಳೆಯ ಆಯಿಲ್, ನೀರು, ಪೆಟ್ರೋಲ್ ಇಳಿಸಿ

ಎಂಜಿನ್ ಆಯಿಲ್ ಮೊದಲು. ಡ್ರೈನ್ ಬೋಲ್ಟನ್ನು ಒಮ್ಮೆಲೇ ತೆಗೆಯದೆ ನಿಧಾನಕ್ಕೆ ಸಡಿಲ ಮಾಡಿ, ಮೊದಲು ಬರುವ ಹನಿಗಳನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ಹಾಗಾಗಿ ತಳದಲ್ಲಿ ನೀರು ಕೂತಿದ್ದರೆ ಅದೇ ಮೊದಲು ಬರುತ್ತದೆ. ಒಂದೆರಡು ಚಮಚ ನೀರು ವರ್ಷಗಟ್ಟಲೆ ಒಳಗೆ ಬೆವರಿ ಸೇರಿದ್ದಿರಬಹುದು. ಒಂದು ಲೋಟ ಬಂದರೆ ಗ್ಯಾಸ್ಕೆಟ್ ಅಥವಾ ಬ್ಲಾಕಿನ ಬಿರುಕಿನ ಬಗ್ಗೆ ಯೋಚಿಸಬೇಕು. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ, ಮೆಕ್ಯಾನಿಕಲ್ ಫ್ಯೂಯಲ್ ಪಂಪ್ ಇರುವ ಗಾಡಿಯಲ್ಲಿ ಪಂಪಿನ ಡಯಾಫ್ರಾಂ ಹರಿದು ಪೆಟ್ರೋಲ್ ಕೆಳಗೆ ಇಳಿದಿದೆ ಅಂತ ಅರ್ಥ. ಹೊಸ ಫಿಲ್ಟರ್ ಹಾಕಿ, ಹೊಸ ಆಯಿಲ್ ತುಂಬಿ. ಈ ಕಾಲದ ಎಂಜಿನ್ನುಗಳಿಗೆ ಸಾಮಾನ್ಯವಾಗಿ 20ಡಬ್ಲ್ಯೂ-50, ಅದರಲ್ಲೂ ಝಿಂಕ್ ಅಂಶ ಜಾಸ್ತಿ ಇರುವ ಹಳೆಯ ಗಾಡಿಗಳ ಆಯಿಲ್ ಒಳ್ಳೆಯದು. ಹೊಸ ಕಾರುಗಳ ತೆಳು ಆಯಿಲ್ ಬೇಡ.

ಕೂಲೆಂಟ್ ಇಳಿಸುವಾಗ ಅಗಲ ಪಾತ್ರೆ ಇಡಿ, ನೆಲಕ್ಕೆ ಬಿಡಬೇಡಿ. ಹಳೆಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಪೆಟ್ರೋಲನ್ನು ಬಯಲಿನಲ್ಲಿ, ಗುಂಡಿಯಿಂದ ದೂರ ಇಳಿಸಿ. ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಹಳೆಯ ಪೆಟ್ರೋಲಿಗೆ ಪೆಟ್ರೋಲಿನ ವಾಸನೆಯೇ ಇರುವುದಿಲ್ಲ, ವಾರ್ನಿಷ್ ಡಬ್ಬದ ವಾಸನೆ ಬರುತ್ತದೆ. ‘ಹೊಸ ಪೆಟ್ರೋಲ್ ಬೆರೆಸಿದರೆ ಆಗುತ್ತೆ’ ಅಂತ ಯಾರೋ ಹೇಳುತ್ತಾರೆ. ಆಗುವುದಿಲ್ಲ.

3. ಎಂಜಿನ್ನನ್ನು ಕೈಯಿಂದ ತಿರುಗಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಇಲ್ಲಿ ಅವಸರ ಮಾಡಿದವರೇ ಆಮೇಲೆ ಎಂಜಿನ್ ಇಳಿಸುತ್ತಾರೆ.

ಪ್ಲಗ್ಗುಗಳ ಸುತ್ತ ಕೂತ ಕಸವನ್ನು ಮೊದಲು ಗಾಳಿಯಿಂದ ಊದಿ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ಕೂಡಲೇ ಅದು ಒಳಗೆ ಬೀಳುತ್ತದೆ. ಪ್ಲಗ್ ವೈರುಗಳಿಗೆ ನಂಬರಿನ ಚೀಟಿ ಅಂಟಿಸಿ. ಪ್ಲಗ್ ಬಿಗಿಯಾಗಿದ್ದರೆ ಬುಡಕ್ಕೆ ತುಕ್ಕಿನ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ಅಲ್ಯುಮಿನಿಯಂ ಹೆಡ್ಡಿನಲ್ಲಿ ಬಲ ಹಾಕಿ ಎಳೆದರೆ ಪ್ಲಗ್ಗಿನ ಜೊತೆ ಹೆಡ್ಡಿನ ತೂತಿನೊಳಗಿನ ತಿರುಪಿನ ಮರೆಗಳೂ ಕಿತ್ತು ಬರುತ್ತವೆ.

ಪ್ಲಗ್ ತೆಗೆದ ಮೇಲೆ ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚ ತುಕ್ಕು ಬಿಡಿಸುವ ಆಯಿಲ್ ಹಾಕಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸುವವರೂ ಇದ್ದಾರೆ, ನಾನೂ ಅದನ್ನೇ ಬಳಸುತ್ತೇನೆ, ಆದರೆ ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತದೆ, ಹತ್ತಿರ ಕಿಡಿ ಇರಕೂಡದು. ಈಗ ಕಾಯಿರಿ. ಒಂದು ದಿನ ಅಲ್ಲ, ಮೂರು ನಾಲ್ಕು ದಿನ. ಮಧ್ಯೆ ಒಮ್ಮೆ ಇನ್ನಷ್ಟು ಹಾಕಿ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾ ಅಂತ ಈ ಕಾಯುವ ದಿನಗಳಲ್ಲಿ ಮ್ಯಾನ್ಯುಯಲ್ ನೋಡಿ. ಎಂಜಿಬಿ, 240ಝೆಡ್ ಎರಡರಲ್ಲೂ ಚೈನ್, ಆ ಚಿಂತೆ ಇಲ್ಲ. ಫಿಯೆಟ್ 124 ಸ್ಪೈಡರ್, ಪೋರ್ಷೆ 944, ಫೆರಾರಿ 308 ಇವೆಲ್ಲ ಬೆಲ್ಟಿನವು. ರಬ್ಬರ್ ಬೆಲ್ಟ್ ಓಡದಿದ್ದರೂ ಹಳೆಯದಾಗುತ್ತದೆ, ಪುಲ್ಲಿಯ ಮೇಲೆ ಒಂದೇ ಕಡೆ ಮಡಚಿ ಕೂತು ಬಿರುಕು ಬಿಡುತ್ತದೆ. ನೋಡಲು ಚೆನ್ನಾಗಿದ್ದರೂ ಬದಲಿಸಿ. ಓಡುವಾಗ ಹರಿದರೆ ವಾಲ್ವುಗಳು ಬಾಗುತ್ತವೆ.

ಈಗ ಗೇರನ್ನು ನ್ಯೂಟ್ರಲಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಮಧ್ಯದ ದೊಡ್ಡ ಬೋಲ್ಟಿಗೆ ಸಾಕೆಟ್ ಕೂರಿಸಿ, ಎಂಜಿನ್ ತಿರುಗುವ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಮುಂದೆ ನಿಂತು ನೋಡಿದರೆ ಹೆಚ್ಚಿನ ಎಂಜಿನ್ನುಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಕ್ಯಾಮ್‌ಶಾಫ್ಟಿನ ಬೋಲ್ಟಿನಿಂದ ತಿರುಗಿಸಲು ಹೋಗಬೇಡಿ.

ತಿರುಗಲಿಲ್ಲವಾ? ಸಾಕೆಟ್ ಹಿಡಿಗೆ ಎರಡು ಮೀಟರ್ ಪೈಪ್ ಸಿಕ್ಕಿಸಿ ನೇತಾಡುವುದು ಪರಿಹಾರವಲ್ಲ, ಪಿಸ್ಟನ್ ರಿಂಗ್ ಮುರಿಯುತ್ತದೆ. ಕೈಗೆ ಸಿಗುವಷ್ಟೇ ಬಲದಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದಂತೆ, ಇನ್ನಷ್ಟು ಆಯಿಲ್ ಹಾಕಿ ನಾಳೆ ಮತ್ತೆ ಮಾಡಿ. ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ತೂಗುವುದೂ ಒಂದು ದಾರಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವುದು ಮಾತ್ರ ಬೇಡ. ಎರಡು ವಾರ ಹೀಗೆ ಮಾಡಿಯೂ ಒಂದಿಷ್ಟೂ ಅಲುಗದಿದ್ದರೆ ಹೆಡ್ ಬಿಚ್ಚಬೇಕು, ಬೇರೆ ಉಪಾಯವಿಲ್ಲ.

ಇನ್ನೊಂದು ಬಗೆಯ ತೊಂದರೆ ಇದೆ. ಸಲೀಸಾಗಿ ಕಾಲು ಸುತ್ತು ತಿರುಗಿ, ಗೋಡೆಗೆ ಬಡಿದ ಹಾಗೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅದು ತುಕ್ಕಲ್ಲ. ಒಂದೋ ಸಿಲಿಂಡರಿನಲ್ಲಿ ಏನೋ ಬಿದ್ದಿದೆ, ಇಲ್ಲವೇ ಒಂದು ವಾಲ್ವ್ ತೆರೆದೇ ಅಂಟಿಕೊಂಡು ಪಿಸ್ಟನ್ನಿಗೆ ತಾಗುತ್ತಿದೆ. ಅಲ್ಲಿಗೇ ನಿಲ್ಲಿಸಿ, ನೋಡಿ.

ಪೂರ್ತಿ ತಿರುಗಿತು ಅಂದುಕೊಳ್ಳಿ. ಆಗಲೂ ಮುಗಿಯಲಿಲ್ಲ. ಮೇಲಿನ ರಾಕರ್ ಕವರ್ ಬಿಚ್ಚಿ, ಒಬ್ಬರು ನಿಧಾನಕ್ಕೆ ತಿರುಗಿಸುತ್ತಿರಲಿ, ಇನ್ನೊಬ್ಬರು ಪ್ರತಿಯೊಂದು ವಾಲ್ವ್ ಕೆಳಗಿಳಿದು ಪೂರ್ತಿ ಮೇಲೆ ಬರುತ್ತದಾ ಅಂತ ಎಣಿಸಲಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಎಲ್ಲ ವಾಲ್ವುಗಳ ಸರದಿ ಮುಗಿಯುತ್ತದೆ. ಅಂಟಿಕೊಂಡ ವಾಲ್ವ್ ಇರುವ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ಪುಶ್‌ರಾಡ್ ಬಾಗುತ್ತದೆ, ಒಂದು ಸಿಲಿಂಡರ್ ಯಾಕೆ ಮಿಸ್ ಹೊಡೆಯುತ್ತದೆ ಅಂತ ಆಮೇಲೆ ವಾರಗಟ್ಟಲೆ ಹುಡುಕಬೇಕು.

4. ಪ್ಲಗ್ ಇಲ್ಲದೆ ಆಯಿಲ್ ಪ್ರೆಷರ್ ತನ್ನಿ

ಕವರ್ ಬಿಚ್ಚಿದ್ದೀರಲ್ವಾ, ರಾಕರುಗಳ ಮೇಲೆ, ಕ್ಯಾಮಿನ ಮೇಲೆ ಹೊಸ ಆಯಿಲ್ ಸುರಿದು ಆಮೇಲೆ ಮುಚ್ಚಿ.

ಈಗ ಚಾರ್ಜ್ ಆದ ಬ್ಯಾಟರಿ ಬೇಕು. ಎರಡು ಗಂಟೆ ಸುಮ್ನೆ ಇಟ್ಟ ಮೇಲೂ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್. 12ಕ್ಕಿಂತ ಕೆಳಗಿದ್ದರೆ ಅದನ್ನು ನಂಬಬೇಡಿ. ಅರ್ಥ್ ತಂತಿ ಕೂರುವ ಜಾಗಗಳನ್ನು, ಬ್ಯಾಟರಿಯಿಂದ ಬಾಡಿಗೆ ಮತ್ತು ಬಾಡಿಯಿಂದ ಎಂಜಿನ್ನಿಗೆ ಎರಡನ್ನೂ, ಹೊಳೆಯುವವರೆಗೆ ಉಜ್ಜಿ. ‘ಸೆಲ್ಫ್ ಮೋಟಾರ್ ಸತ್ತಿದೆ’ ಅನ್ನುವ ದೂರುಗಳಲ್ಲಿ ಎಷ್ಟೋ ಈ ತಂತಿಯ ತುಕ್ಕಿನಿಂದಲೇ ಬಂದವು.

ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ಲಿಗೆ ಬರುವ ಸಣ್ಣ ವೈರನ್ನು ಕಳಚಿ, ಪ್ಲಗ್ಗುಗಳನ್ನು ಹೊರಗೇ ಇಟ್ಟು, ಸಿಲಿಂಡರಿಗೆ ಹಾಕಿದ ಆಯಿಲ್ ಚಿಮ್ಮದಂತೆ ತೂತುಗಳ ಮೇಲೆ ಬಟ್ಟೆ ಹೊದಿಸಿ, ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ. ಪ್ಲಗ್ ಇಲ್ಲದ್ದರಿಂದ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ, ಅಷ್ಟರಲ್ಲಿ ಪಂಪ್ ಆಯಿಲನ್ನು ಮೇಲೆ ಏರಿಸುತ್ತದೆ. ಹೀಗೆ ಐದಾರು ಸಲ ಹೊಡೆಯುವುದರೊಳಗೆ ಆಯಿಲ್ ಗೇಜಿನ ಮುಳ್ಳು ಏಳಬೇಕು, ಇಲ್ಲವೇ ಕೆಂಪು ದೀಪ ಆರಬೇಕು.

ಏಳಲಿಲ್ಲ ಅಂದರೆ ಪಂಪಿನಲ್ಲಿ ಗಾಳಿ ಸೇರಿ ಅದು ಆಯಿಲ್ ಎಳೆಯುತ್ತಿಲ್ಲ. ಫಿಲ್ಟರಿಗೆ ಆಯಿಲ್ ತುಂಬಿಸಿ ಕೂರಿಸಿ, ಆಯಿಲ್ ಕೂಲರ್ ಇದ್ದರೆ ಅದರ ಪೈಪ್ ಬಿಚ್ಚಿ ಅಲ್ಲಿಂದ ಆಯಿಲ್ ಹೊಯ್ಯಿರಿ, ಮತ್ತೆ ತಿರುಗಿಸಿ. ಗೇಜೇ ಕೆಟ್ಟಿರಬಹುದು ಅನ್ನುವ ಅನುಮಾನ ಬಂದರೆ ಬೇರೆ ಗೇಜ್ ಸಿಕ್ಕಿಸಿ ನೋಡಿ. ಪ್ರೆಷರ್ ಕಾಣದೆ ಮುಂದಿನ ಹಂತಕ್ಕೆ ಹೋಗಬೇಡಿ.

ಇದೇ ಹೊತ್ತಿಗೆ ಕಂಪ್ರೆಷನ್ ನೋಡಿಬಿಡಿ. ಥ್ರಾಟಲ್ ಪೂರ್ತಿ ತೆರೆದಿಟ್ಟು ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ. ಸಿಕ್ಕ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. 10ರಿಂದ 15 ಶೇಕಡಾ ಒಳಗಿದ್ದರೆ ನೆಮ್ಮದಿ. ಒಂದು ಮಾತ್ರ ತೀರಾ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗುಗಳ ದೋಷ, ಏರದಿದ್ದರೆ ವಾಲ್ವಿನದು. ಅಂಟಿಕೊಂಡ ರಿಂಗುಗಳು ಸ್ವಲ್ಪ ಓಡಿದ ಮೇಲೆ ಬಿಡಿಸಿಕೊಳ್ಳುವುದೂ ಉಂಟು, ಹಾಗಾಗಿ ಈಗಲೇ ಎದೆ ಒಡೆದುಕೊಳ್ಳಬೇಡಿ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ಇದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ.

5. ಕಿಡಿ ಬರುತ್ತದಾ?

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಿರಿ. ಪಾಯಿಂಟಿನ ಮುಖದ ಮೇಲೆ ಬೂದು ಬಣ್ಣದ ಪದರ ಕೂತಿರುತ್ತದೆ, ಅದು ಕರೆಂಟ್ ಹರಿಯಲು ಬಿಡುವುದಿಲ್ಲ. ನುಣ್ಣನೆಯ ಎಮರಿ ಪೇಪರಿನಲ್ಲಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಗುಂಡಿ ಬಿದ್ದಿದ್ದರೆ ಹೊಸದು ಹಾಕಿ. ಗ್ಯಾಪನ್ನು ಮ್ಯಾನ್ಯುಯಲ್ ಪ್ರಕಾರ ಇಡಿ, ನಾಲ್ಕು ಸಿಲಿಂಡರಿನ ಲ್ಯೂಕಸ್ ಡಿಸ್ಟ್ರಿಬ್ಯೂಟರಿನಲ್ಲಿ ಅದು ಸುಮಾರು 0.35ರಿಂದ 0.40 ಮಿಲಿಮೀಟರ್.

ಕಳಚಿದ್ದ ಸಣ್ಣ ವೈರನ್ನು ಮತ್ತೆ ಸಿಕ್ಕಿಸಿ, ಕೀ ಆನ್ ಮಾಡಿ ಕಾಯಿಲ್ಲಿಗೆ ವೋಲ್ಟೇಜ್ ಬರುತ್ತದಾ ನೋಡಿ. ಹಳೆಯ ಬ್ರಿಟಿಷ್ ಗಾಡಿಗಳ ವೈರಿನ ಬಣ್ಣ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಹಗುರ: ಕಂದು ಯಾವಾಗಲೂ ಲೈವ್, ಬಿಳಿ ಕೀ ಆನ್ ಮಾಡಿದಾಗ ಲೈವ್, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ಆ ಕಂದು ವೈರಿಗೆ ಫ್ಯೂಸ್ ಇಲ್ಲ. ಇಲಿ ಕಡಿದ ಕಂದು ವೈರ್ ಬಾಡಿಗೆ ತಾಗಿದರೆ ಇಡೀ ವೈರಿಂಗ್ ಹೊಗೆಯಾಗುತ್ತದೆ. ಕೀ ಆನ್ ಮಾಡಿ ಊಟಕ್ಕೆ ಹೋಗುವ ಅಭ್ಯಾಸ ಬೇಡ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಡುತ್ತದೆ.

ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಇಟ್ಟು, ಸೆಲ್ಫ್ ಹೊಡೆದು ನೋಡಿ. ಪ್ಲಗ್ಗಿನ ತೂತುಗಳಿಂದ ದೂರ ಇಡಿ. ಹತ್ತಿರ ಅಸಿಟೋನ್, ಪೆಟ್ರೋಲ್ ಇರಬಾರದು. ನೀಲಿಯ, ಚಟಚಟ ಅನ್ನುವ ಕಿಡಿ ಬಂದರೆ ಸರಿ. ಕೆಂಪಗೆ ಸೊರಗಿದ ಕಿಡಿ ಬಂದರೆ ಮೊದಲು ಕಂಡೆನ್ಸರ್ ಬದಲಿಸಿ. ಆಮೇಲೆ ರೋಟರ್, ಮುಚ್ಚಳ, ವೈರು. ಒಂದೇ ಸಲ ಎಲ್ಲ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ, ಮೇಲಾಗಿ ಹೊಸ ಬಿಡಿಭಾಗಗಳಲ್ಲೂ ಕೆಟ್ಟವು ಬರುತ್ತವೆ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ, ಒಮ್ಮೆ ತಾಳೆ ನೋಡಿ. ಎಂಜಿಬಿಗೆ 1-3-4-2, 240ಝೆಡ್‌ಗೆ 1-5-3-6-2-4. ಮೊದಲು ಕೈ ಹಾಕಿದವರು ತಪ್ಪಾಗಿ ಜೋಡಿಸಿರಬಹುದು. ಇದ್ದದ್ದನ್ನೇ ನಂಬಬೇಡಿ.

6. ಪೆಟ್ರೋಲ್: ಟ್ಯಾಂಕನ್ನು ಸದ್ಯಕ್ಕೆ ಮರೆತುಬಿಡಿ

ಜನ ಸೋಲುವ ಎರಡನೆಯ ಜಾಗ ಇದು. ಕಾರ್ಬುರೇಟರನ್ನು ಚೆನ್ನಾಗಿ ತೊಳೆಯುತ್ತಾರೆ, ಆಮೇಲೆ ಹಳೆಯ ಟ್ಯಾಂಕಿನಿಂದಲೇ ಪೆಟ್ರೋಲ್ ಬಿಡುತ್ತಾರೆ, ಹತ್ತು ನಿಮಿಷಕ್ಕೆ ತುಕ್ಕಿನ ಪುಡಿ ಬಂದು ಜೆಟ್ ಕಟ್ಟುತ್ತದೆ, ಮತ್ತೆ ಬಿಚ್ಚುತ್ತಾರೆ. ಮೂರನೆಯ ಸಲಕ್ಕೆ ಗಾಡಿಯನ್ನೇ ಮಾರುತ್ತಾರೆ.

ಟ್ಯಾಂಕಿನಿಂದ ಪಂಪಿಗೆ ಬರುವ ಹೋಸ್ ಕಳಚಿ. ಅದರ ಬದಲು ಹೊಸ ಹೋಸ್ ಹಾಕಿ, ನಡುವೆ ಒಂದು ಫಿಲ್ಟರ್ ಕೂರಿಸಿ, ಇನ್ನೊಂದು ತುದಿಯನ್ನು ಎರಡು ಲೀಟರ್ ತಾಜಾ ಪೆಟ್ರೋಲ್ ಇರುವ ಡಬ್ಬದಲ್ಲಿ ಇಳಿಬಿಡಿ. ಪೆಟ್ರೋಲಿಗಾಗಿಯೇ ಮಾಡಿದ ಡಬ್ಬ ಇರಲಿ, ನೀರಿನ ಬಾಟಲಿ ಬೇಡ. ಸೈಲೆನ್ಸರಿನಿಂದ ದೂರ, ಉರುಳದ ಹಾಗೆ ನಿಲ್ಲಿಸಿ. ಹೀಗೆ ಮಾಡಿದರೆ ಎಂಜಿನ್ನಿನ ತೊಂದರೆ ಬೇರೆ, ಟ್ಯಾಂಕಿನ ತೊಂದರೆ ಬೇರೆ ಆಗುತ್ತದೆ. ಬಾನೆಟ್ ಮೇಲೆ ಡಬ್ಬ ನೇತುಹಾಕಿ ಕೆಳಗೆ ಬಿಡುವವರೂ ಇದ್ದಾರೆ. ಕಾರ್ಬುರೇಟರಿನ ನೀಡಲ್ ವಾಲ್ವ್ ಅಂಟಿದ್ದರೆ ಅಷ್ಟೂ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ, ಹಾಗಾಗಿ ನಾನು ಹಾಗೆ ಮಾಡುವುದಿಲ್ಲ.

ಪೆಟ್ರೋಲಿನ ರಬ್ಬರ್ ಹೋಸುಗಳನ್ನು ಒಂದೂ ಬಿಡದೆ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಎಥನಾಲ್ ತಡೆಯುವ ಹೋಸನ್ನೇ ಕೇಳಿ ತನ್ನಿ.

ಕಾರ್ಬುರೇಟರ್ ಬಿಚ್ಚಿದಾಗ ಫ್ಲೋಟ್ ಬೌಲಿನ ತಳದಲ್ಲಿ ಹಸಿರು ಅಥವಾ ಕಂದು ಅಂಟು ಕಾಣುತ್ತದೆ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ. ಜೆಟ್ಟಿನೊಳಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದರೆ ತೂತಾಗಿದೆ. ನೀಡಲ್ ವಾಲ್ವ್ ಹೊಸದು ಹಾಕಿ. ಎಸ್‌ಯು ಕಂಪನಿಯ ಕಾರ್ಬುರೇಟರ್ ಆಗಿದ್ದರೆ ಅದರೊಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ: ‘ಟಕ್’ ಅಂತ ಸದ್ದಿನೊಂದಿಗೆ ಬೀಳಬೇಕು. ತೇಲುತ್ತ ಬಂದರೆ ಅಥವಾ ನಡುವೆ ಸಿಕ್ಕಿಕೊಂಡರೆ ಒಳಗೆ ಅಂಟು ಇದೆ ಅಥವಾ ಜೆಟ್ ಮಧ್ಯಕ್ಕೆ ಇಲ್ಲ. ಮೇಲಿನ ಡ್ಯಾಶ್‌ಪಾಟಿಗೆ ತೆಳು ಎಂಜಿನ್ ಆಯಿಲ್ ಹಾಕಲು ಮರೆಯಬೇಡಿ. ಅದಿಲ್ಲದೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗಾಡಿ ಕೆಮ್ಮುತ್ತದೆ.

ಕಾರ್ಬುರೇಟರಿಗೆ ಜೋಡಿಸುವ ಮುಂಚೆ ಪಂಪಿನ ಹೊರಹೋಸನ್ನು ಒಂದು ಡಬ್ಬಕ್ಕೆ ಬಿಟ್ಟು ಪೆಟ್ರೋಲ್ ಧಾರೆ ಸರಿಯಾಗಿ ಬರುತ್ತದಾ ನೋಡಿ. ಎಸ್‌ಯು ಎಲೆಕ್ಟ್ರಿಕ್ ಪಂಪ್ ಟಿಕ್ ಟಿಕ್ ಅನ್ನದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಒಂದು ತಟ್ಟು ಕೊಡಿ. ಎದ್ದರೆ ಅದರ ಪಾಯಿಂಟ್ ಅಂಟಿತ್ತು ಅಂತ. ಇವತ್ತಿಗೆ ನಡೆಯುತ್ತದೆ, ದೂರ ಹೋಗುವ ಮುಂಚೆ ರಿಪೇರಿ ಮಾಡಿಸಿ.

ಇಂಜೆಕ್ಷನ್ ಇರುವ ಗಾಡಿ, ಉದಾಹರಣೆಗೆ ಬಾಷ್ ಕೆ-ಜೆಟ್ರಾನಿಕ್ ಆಗಿದ್ದರೆ, ಈ ಹಂತವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಿ. ಟ್ಯಾಂಕ್ ಪೂರ್ತಿ ತೊಳೆಯುವವರೆಗೆ ಪಂಪ್ ಆನ್ ಮಾಡಲೇಬೇಡಿ. ಅಲ್ಲಿ ಒಂದು ಚಿಟಿಕೆ ತುಕ್ಕು ಫ್ಯೂಯಲ್ ಡಿಸ್ಟ್ರಿಬ್ಯೂಟರಿನ ಸೂಕ್ಷ್ಮ ಪ್ಲಂಜರನ್ನು ಹಾಳು ಮಾಡುತ್ತದೆ.

ಟ್ಯಾಂಕನ್ನು ಆಮೇಲೆ ಇಳಿಸಿ ತೊಳೆಯಿಸಿ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಸಿಡಿಯುವುದು ಸುಲಭ.

7. ಕೂಲಿಂಗ್

ರೇಡಿಯೇಟರಿನ ಮೇಲಿನ, ಕೆಳಗಿನ ಹೋಸುಗಳನ್ನು ಹಿಂಡಿ ನೋಡಿ, ಗಟ್ಟಿಯಾಗಿದ್ದರೆ ಅಥವಾ ಮೆತ್ತಗೆ ಉಬ್ಬಿದ್ದರೆ ಬದಲಿಸಿ. ಥರ್ಮೋಸ್ಟಾಟ್ ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ಬಿಟ್ಟು ತೆರೆಯುತ್ತದಾ ನೋಡಿ. ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯಿರಿ. ಮೊದಲ ಸ್ಟಾರ್ಟಿಗೆ ಸಾದಾ ನೀರು ಸಾಕು, ಸೋರಿಕೆ ಇದ್ದರೆ ಕೂಲೆಂಟ್ ದಂಡವಾಗುವುದಿಲ್ಲ. ಎಲ್ಲ ಸರಿ ಇದ್ದರೆ ಆಮೇಲೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿ. ಫ್ಯಾನ್ ಬೆಲ್ಟ್ ಬಿರುಕು ಬಿಟ್ಟಿದ್ದರೆ ಈಗಲೇ ಹೊಸದು.

8. ಈಗ ಸ್ಟಾರ್ಟ್ ಮಾಡಿ

ಗಾಡಿ ಬಯಲಿನಲ್ಲಿರಲಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುವುದು ಗೊತ್ತೇ ಆಗುವುದಿಲ್ಲ, ಅದಕ್ಕೆ ವಾಸನೆ ಇಲ್ಲ. ಚಕ್ರಕ್ಕೆ ಮರದ ತುಂಡು ಇಡಿ, ನ್ಯೂಟ್ರಲ್ ಅಂತ ಎರಡು ಸಲ ನೋಡಿ. ಜೊತೆಗೆ ಇನ್ನೊಬ್ಬರು ಇರಲಿ, ಅವರ ಕಣ್ಣು ಬಾನೆಟ್ ಒಳಗೆ, ಕೈ ಬೆಂಕಿ ಆರಿಸುವ ಸಿಲಿಂಡರಿನ ಮೇಲೆ.

ಪ್ಲಗ್ ಹಾಕಿ, ಕಾಯಿಲ್ ವೈರ್ ಜೋಡಿಸಿದೆಯಾ ನೋಡಿ, ಚೋಕ್ ಎಳೆದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿನ ಲೆಕ್ಕ ಇಲ್ಲೂ ಉಂಟು. ಹಿಂದಕ್ಕೆ ‘ಢಂ’ ಅಂದರೆ ಟೈಮಿಂಗ್ ಅಥವಾ ಪ್ಲಗ್ ವೈರುಗಳ ಕ್ರಮ ನೋಡಿ. ನಾಲ್ಕೈದು ಸಲಕ್ಕೂ ಆಗದಿದ್ದರೆ ಒಂದು ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಸಾಲದು. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಈ ಒಂದು ಪರೀಕ್ಷೆ ಮಾಡದೆ ಬ್ಯಾಟರಿ ಇಳಿಯುವವರೆಗೂ ಸೆಲ್ಫ್ ಹೊಡೆಯುವವರನ್ನು ಎಷ್ಟು ನೋಡಿಲ್ಲ!

ಹತ್ತಿಕೊಂಡ ಕೂಡಲೇ ಸದ್ದಿಗೆ ಮರುಳಾಗದೆ ಆಯಿಲ್ ಗೇಜ್ ನೋಡಿ. ಐದು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್. ಎದ್ದರೆ ಸುಮಾರು 1500 ಆರ್‌ಪಿಎಂನಲ್ಲಿ ಹಿಡಿಯಿರಿ, ರೇಸ್ ಮಾಡಬೇಡಿ. ಎಂಜಿಬಿಯ ಮ್ಯಾನ್ಯುಯಲ್ ಪ್ರಕಾರ ಬಿಸಿಯಾದ ಮೇಲೆ ಓಡುವಾಗ ಪ್ರೆಷರ್ 50ರಿಂದ 80 ಪಿಎಸ್‌ಐ, ಐಡ್ಲಿಂಗಿನಲ್ಲಿ 10ರಿಂದ 25 ಇರಬೇಕು.

ಮೊದಲ ಹತ್ತು ನಿಮಿಷ ನೀಲಿ ಹೊಗೆ ದಟ್ಟವಾಗಿ ಬಂದರೆ ಹೆದರಬೇಡಿ, ಸಿಲಿಂಡರಿಗೆ ನೀವೇ ಹಾಕಿದ ಆಯಿಲ್ ಸುಡುತ್ತಿದೆ. ಅರ್ಧ ಗಂಟೆ ಆದರೂ ನಿಲ್ಲದಿದ್ದರೆ ಯೋಚಿಸಿ. ಬಿಳಿ ಹೊಗೆ ಬಿಸಿಯಾದಂತೆ ಕರಗಬೇಕು. ಕರಗದೆ ನೀರು ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ, ಚೋಕ್ ಸಿಕ್ಕಿಕೊಂಡಿದೆಯಾ ನೋಡಿ. ಮೇಲಿನಿಂದ ಬರುವ ಟಿಕ್ ಟಿಕ್ ವಾಲ್ವಿನದು, ಸರಿ ಮಾಡಬಹುದು. ತಳದಿಂದ, ವೇಗದ ಜೊತೆ ಜೋರಾಗುವ ಭಾರವಾದ ‘ಡಬ್ ಡಬ್’ ಬಂದರೆ ತಕ್ಷಣ ಆಫ್ ಮಾಡಿ.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ, ಸುಮಾರು 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜ್ ಆಗುತ್ತಿದೆ.

9. ಬ್ರೇಕ್ ಇಲ್ಲದೆ ಅಂಗಳ ದಾಟಬೇಡಿ

ಎಂಜಿನ್ ಓಡಿದ ಖುಷಿಯಲ್ಲಿ ‘ಗೇಟಿನವರೆಗೆ ಹೋಗಿ ಬರೋಣ’ ಅನ್ನಿಸುತ್ತದೆ. ಪೆಡಲ್ ಗಟ್ಟಿಯಾಗಿ ಸಿಗುತ್ತದೆ ಬೇರೆ. ನಂಬಬೇಡಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಸೇರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಅದೇ ತೇವ ಸಿಲಿಂಡರುಗಳ ಒಳಗೆ ತುಕ್ಕಾಗಿ ರಬ್ಬರ್ ಸೀಲುಗಳನ್ನು ಕೊಯ್ಯುತ್ತದೆ.

ನಾಲ್ಕೂ ಚಕ್ರ ಬಿಚ್ಚಿ. ಡ್ರಮ್ಮಿಗೆ ಶೂ ಅಂಟಿಕೊಂಡಿದ್ದರೆ ಅಂಚಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ. ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಆ ಕಾಲದ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರಿನ ರಬ್ಬರ್ ಅಂಚು ಎತ್ತಿದಾಗ ತೇವ ಕಂಡರೆ ಅದು ಸೋರುತ್ತಿದೆ.

ರಬ್ಬರ್ ಬ್ರೇಕ್ ಹೋಸುಗಳನ್ನು ಪ್ರಶ್ನೆ ಕೇಳದೆ ಬದಲಿಸಿ. ಹೊರಗಿನಿಂದ ಚೆನ್ನಾಗಿದ್ದರೂ ಒಳಗೆ ಉಬ್ಬಿ ದಾರಿ ಮುಚ್ಚಿರುತ್ತವೆ. ಪೆಡಲಿನ ಬಲಕ್ಕೆ ಫ್ಲೂಯಿಡ್ ನುಗ್ಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ, ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ. ಜನ ಇದನ್ನು ಕ್ಯಾಲಿಪರ್ ಜಾಮ್ ಅಂದುಕೊಂಡು ಕ್ಯಾಲಿಪರ್ ಬದಲಿಸುತ್ತಾರೆ.

ಬ್ಲೀಡಿಂಗ್, ಅಂದರೆ ಪೈಪಿನೊಳಗಿನ ಹಳೆಯ ಫ್ಲೂಯಿಡ್ ಮತ್ತು ಗಾಳಿ ಹೊರಗೆ ತಳ್ಳುವ ಕೆಲಸ, ಮಾಡುವಾಗ ಹಳೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲನ್ನು ನೆಲಕ್ಕೆ ಮುಟ್ಟಿಸಬೇಡಿ, ಅರ್ಧದಷ್ಟೇ ಒತ್ತಿಸಿ. ಅದರ ಸೀಲು ದಿನಾ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು ಇರುತ್ತದೆ, ಅಲ್ಲಿಗೆ ಹೋದರೆ ಸೀಲು ಹರಿಯುತ್ತದೆ. ಸಿಲಿಕೋನಿನ ಡಾಟ್ 5 ಅನ್ನು ಡಾಟ್ 3, 4ರ ಜೊತೆ ಬೆರೆಸಬೇಡಿ. ಬ್ಲೀಡಿಂಗ್ ಮುಗಿದ ಮೇಲೆ ಪೆಡಲನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಟ್ಟುಕೊಡುತ್ತಿದೆ.

ಬ್ರೇಕ್ ಸರಿಯಾದ ಮೇಲಷ್ಟೇ ಕ್ಲಚ್ ಕಡೆ ಬನ್ನಿ. ವರ್ಷಗಟ್ಟಲೆ ನಿಂತಾಗ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟುತ್ತದೆ. ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಪೆಡಲ್ ಒತ್ತಿ ಸೀಟಿಗೂ ಪೆಡಲಿಗೂ ನಡುವೆ ಕಟ್ಟಿಗೆ ಕೊಟ್ಟು ಒಂದು ರಾತ್ರಿ ಬಿಡಿ. ಹಲವು ಸಲ ಬೆಳಿಗ್ಗೆಗೆ ಬಿಟ್ಟಿರುತ್ತದೆ. ಬಿಡದಿದ್ದರೆ ವಿಶಾಲ ಬಯಲಿನಲ್ಲಿ, ಪೆಡಲ್ ಒತ್ತಿಕೊಂಡೇ, ಮೂರನೆಯ ಗೇರಿನಲ್ಲಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರನ್ನು ಒತ್ತಿ ಬಿಟ್ಟು ಮಾಡಿದರೆ ಕಿತ್ತುಕೊಳ್ಳುತ್ತದೆ. ಗಾಡಿ ಜಿಗಿದು ಹೊರಡುತ್ತದೆ, ಅದಕ್ಕೇ ಬ್ರೇಕ್ ಮೊದಲು ಅಂದದ್ದು.

10. ಮೊದಲ ಓಡಾಟ

ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕೂ ಹಿಂದಿನದು. ಹತ್ತು ವರ್ಷ ದಾಟಿದ್ದರೆ ಟೈರಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಹೊಸದು ಹಾಕಿ. ಸ್ಟೆಪ್ನಿಯದ್ದೂ ನೋಡಿ.

ನಡಿಗೆಯ ವೇಗದಲ್ಲಿ ಮೂರು ನಾಲ್ಕು ಸಲ ಬ್ರೇಕ್ ಒತ್ತಿ ನಿಲ್ಲಿಸಿ. ಗಾಡಿ ಒಂದು ಕಡೆ ಎಳೆಯುತ್ತದಾ? ಆಮೇಲೆ ಒಂದೆರಡು ಕಿಲೋಮೀಟರ್ ಹೋಗಿ, ವಾಪಸ್ ಬಂದು, ನಾಲ್ಕೂ ಚಕ್ರಗಳ ಮಧ್ಯಕ್ಕೆ ಕೈ ಹತ್ತಿರ ಹಿಡಿದು ಬಿಸಿ ಹೋಲಿಸಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಬೇರಿಂಗ್ ಹೋಗಿದೆ. ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಗಾಡಿಯ ಕೆಳಗೆ ರಟ್ಟಿನ ಹಾಳೆ ಹಾಸಿ ರಾತ್ರಿ ಬಿಡಿ, ಬೆಳಿಗ್ಗೆ ಯಾವ ಬಣ್ಣದ ಹನಿ ಎಲ್ಲಿ ಬಿದ್ದಿದೆ ಅಂತ ನೋಡಿದರೆ ಮುಂದಿನ ವಾರದ ಕೆಲಸ ಏನೆಂದು ಗೊತ್ತಾಗುತ್ತದೆ.

100 ಕಿಲೋಮೀಟರ್ ಆದ ಮೇಲೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಮತ್ತೆ ಬದಲಿಸಿ. ಹೊಸ ಆಯಿಲ್ ಅಷ್ಟರಲ್ಲಿ ಒಳಗಿನ ಹಳೆಯ ಕೊಳೆಯನ್ನೆಲ್ಲ ಬಿಡಿಸಿ ಹೊತ್ತುಕೊಂಡಿರುತ್ತದೆ. ಬಿಚ್ಚಿದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಕೊಳೆ ಇದ್ದರೆ ಪರವಾಗಿಲ್ಲ. ಹೊಳೆಯುವ ಲೋಹದ ಚೂರುಗಳಿದ್ದರೆ ಗಾಡಿಯನ್ನು ಮತ್ತೆ ಓಡಿಸದೆ ತಳದ ಸಂಪ್ ಬಿಚ್ಚಿ ಬೇರಿಂಗ್ ನೋಡಿ.